ಕಾಸರಗೋಡು ಸೀಮೆಯ ಕರ್ನಾಟಕ ಸಮಿತಿಯ ಉದಯವೂ ಅದರ ಪರಿಣಾಮವೂ

ಶೃಂಗೇರಿಯಿಂದ ಕೆರೆಕಟ್ಟೆಯ ಮಾರ್ಗವಾಗಿ ಕಾರ್ಕಳದ ಕಡೆಗೆ ಇಳಿಯುವ ಘಟ್ಟದ ದಾರಿಯಲ್ಲಿ, ನಿಬಿಡವಾದ ಅರಣ್ಯದ ಮಧ್ಯದಲ್ಲಿ, ‘ಎಸ್. ಕೆ. ಬಾರ್ಡರ್’ ಎಂಬ ಸ್ಥಳವೊಂದುಂಟು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಗಳಿಂದ ಕರಾವಳಿಗೆ ಹೋಗಿಬರುವ ಭಕ್ತಾದಿಗಳಿಗೆ ಈ ಹೆಸರು ಚಿರಪರಿಚಿತವಾದುದು. ಆದರೆ ಅದರ ಅರ್ಥವನ್ನು ವಿಚಾರಿಸುವವರು ವಿರಳ. ‘ಎಸ್. ಕೆ.’ ಎಂದರೆ ಸೌತ್ ಕೆನರಾ, ಅಂದರೆ ದಕ್ಷಿಣ ಕನ್ನಡ. ೧೯೫೬ನೆಯ ಇಸವಿ ನವೆಂಬರ್ ೧ನೆಯ ತಾರೀಖಿನವರೆಗೆ ಈ ಸ್ಥಳದಿಂದ ಮೇಲಕ್ಕೆ ಮೈಸೂರು ರಾಜ್ಯವೂ, ಕೆಳಕ್ಕೆ ಮದರಾಸು ರಾಜ್ಯವೂ ಇದ್ದುವು. ಮೇಲಿನವರೂ ಕನ್ನಡಿಗರೇ, ಕೆಳಗಿನವರೂ ಕನ್ನಡದಲ್ಲಿಯೇ ಓದುಬರಹ ಮಾಡಿದವರೇ. ಆದರೂ ನಡುವೆ ಎರಡು ಸರಕಾರಗಳ ಗಡಿಯಿದ್ದಿತು.

ಆ ದಿನ ಈ ಗಡಿ ಅಳಿಯಿತು. ಹೆಸರು ಮಾತ್ರ ಉಳಿಯಿತು. ಆದರೆ ಘಟ್ಟದ ಮೇಲಿನ ಗಡಿ ಅಳಿದ ದಿವಸವೇ, ಮಂಗಳೂರಿಗೆ ದಕ್ಷಿಣದಲ್ಲಿ, ತಲಪಾಡಿಯ ಬಳಿ, ಬೇರೊಂದು ಗಡಿ ಹುಟ್ಟಿತು. ಅದರಿಂದಾಚೆಗೆ ಉಳಿದ ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಕನ್ನಡಿಗರು ಕೇರಳ ರಾಜ್ಯದ ಪ್ರಜೆಗಳಾದರು. ಒಂದು ಗಡಿಯ ಅಳಿವಿನಿಂದ ಮಲೆನಾಡಿಗರಿಗೆ ಒದಗಿದ ಸಂತೋಷವೂ, ಇನ್ನೊಂದರ ಉದಯದಿಂದ ಆ ಸೀಮೆಯವರಿಗೆ ಒದಗಿದ ಸಂಕಟವೂ ಒಂದೇ ದಿನದವು. ಆ ಸಂಕಟದಿಂದ ಕರ್ನಾಟಕ ಸಮಿತಿಯೆಂಬ ಪಕ್ಷವು ಹೇಗೆ ಬಲಗೊಂಡಿತು, ಏನನ್ನು ಸಾಧಿಸಿತು, ಯಾವ ಕಾರಣದಿಂದ ಕುಗ್ಗಿತು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮಲೆನಾಡಿಗೂ ಕಾಸರಗೋಡಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ಇಂದಿನದಲ್ಲ. ವೀರಶೈವ ಮತಾವಲಂಬಿಗಳಾಗಿದ್ದ ಕೆಳದಿಯ ನಾಯಕರು ಕೆಳದಿ, ಇಕ್ಕೇರಿ, ಬಿದನೂರುಗಳಲ್ಲಿ ಕ್ರಮವಾಗಿ ರಾಜಧಾನಿಯನ್ನಿಟ್ಟುಕೊಂಡು ಆಳುತ್ತಿದ್ದಾಗ, ಘಟ್ಟದ ಮೇಲಿನ ಮಲೆನಾಡೂ ಘಟ್ಟದ ಕೆಳಗಿನ ತುಳುನಾಡೂ ಒಂದೇ ಛತ್ರದ ಅಡಿಯಲ್ಲಿದ್ದುವು. ೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪನಾಯಕನ ಕಾಲದಲ್ಲಿ ಈ ರಾಜ್ಯವು ದಕ್ಷಿಣಕ್ಕೆ ಚಂದ್ರಗಿರಿ ಹೊಳೆಯನ್ನು ದಾಟಿತು. ಬೇಕಲದ ಕಡಲತೀರದ ದೊಡ್ಡ ಕೋಟೆಯೂ, ಚಂದ್ರಗಿರಿಯ ಕೋಟೆಯೂ ಆತನ ಕಾಲದವೆಂದು ಪ್ರತೀತಿ. ಸ್ವಮತದಲ್ಲಿ ನಿಷ್ಠರಾಗಿದ್ದ ಈ ಅರಸರು ಶೃಂಗೇರಿಯ ಮಠಕ್ಕೂ ದತ್ತಿಗಳನ್ನು ಬಿಟ್ಟರೆಂಬುದು ಆ ರಾಜ್ಯದ ಧರ್ಮನೀತಿಗೆ ಸಾಕ್ಷಿಯಾಗಿದೆ.

ಶಿವಪ್ಪನಾಯಕನ ಭೂಕಂದಾಯದ ಕ್ರಮಕ್ಕೆ ‘ಶಿಸ್ತು’ ಎಂದು ಹೆಸರು. ಒಂದೊಂದು ಬಗೆಯ ಭೂಮಿಯಲ್ಲಿ ಒಂದೊಂದು ಗದ್ದೆಯನ್ನು ಆರಿಸಿ, ಅದನ್ನು ಹನ್ನೆರಡು ವರ್ಷಗಳ ಕಾಲ ಅರಮನೆಯ ವತಿಯಿಂದಲೇ ಸಾಗುವಳಿ ಮಾಡಿಸಿ, ಮಳೆ ಹೆಚ್ಚಿದ ವರ್ಷ, ಕಡಿಮೆಯಾದ ವರ್ಷ ಎರಡನ್ನೂ ಕಂಡು, ಸರಾಸರಿ ಹುಟ್ಟುವಳಿಯನ್ನು ತಿಳಿದು, ತರುವಾಯ ಆತನು ತೆರಿಗೆಯನ್ನು ಗೊತ್ತುಮಾಡಿದನೆಂದು ಹೇಳುತ್ತಾರೆ. ಅಳೆಯುವವನು ಮೊದಲು ಅಳತೆಗೋಲನ್ನು ಪರೀಕ್ಷಿಸಬೇಕು, ಆಮೇಲೆ ಎಲ್ಲರಿಗೂ ಅದನ್ನೇ ಹಿಡಿಯಬೇಕು ಎಂಬುದು ಇದರ ತಾತ್ಪರ್ಯ. ಮುಂದೆ ಬರುವ ಗಡಿಯ ಕಥೆಯಲ್ಲಿ ಈ ತಾತ್ಪರ್ಯವನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ಕೆಳದಿಯ ರಾಜ್ಯ ಮುಗಿಯಿತು. ೧೭೯೯ರಲ್ಲಿ ಟೀಪುಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಇಂಗ್ಲಿಷರ ಕಂಪೆನಿಯು ಆ ಹಳೆಯ ರಾಜ್ಯವನ್ನು ಘಟ್ಟದ ನೆತ್ತಿಯ ಮೇಲೆಯೇ ಇಬ್ಭಾಗ ಮಾಡಿತು. ಮೇಲಿನ ಮಲೆನಾಡು ಮೈಸೂರು ಒಡೆಯರಿಗೆ ಸೇರಿತು. ಕೆಳಗಿನ ಕನ್ನಡ ಜಿಲ್ಲೆಯನ್ನು ಕಂಪೆನಿಯೇ ಇಟ್ಟುಕೊಂಡಿತು. ೧೮೬೨ರಲ್ಲಿ ಆ ಜಿಲ್ಲೆಯ ಉತ್ತರಾರ್ಧವು ಮುಂಬಯಿಗೆ ಹೋಯಿತು. ದಕ್ಷಿಣಾರ್ಧವು ಮದರಾಸಿನಲ್ಲಿಯೇ ಉಳಿಯಿತು. ದಕ್ಷಿಣ ಕನ್ನಡದ ತೆಂಕಣ ತುದಿಯಲ್ಲಿದ್ದ ತಾಲ್ಲೂಕಿಗೆ ಮೊದಲು ಬೇಕಲವೆಂದೂ ಆಮೇಲೆ ಕಾಸರಗೋಡೆಂದೂ ಹೆಸರಾಯಿತು. ಒಂದೇ ಮನೆಯ ಅಣ್ಣತಮ್ಮಂದಿರು ಹಿಸೆಯಾಗಿ ಬೇರೆ ಬೇರೆ ಒಲೆ ಹೂಡಿದ ಹಾಗಾಯಿತು ಕನ್ನಡನಾಡಿನ ಸ್ಥಿತಿ.

ಈ ಹಿಸೆಯನ್ನು ಪುನಃ ಕೂಡಿಸಬೇಕೆಂಬ ಪ್ರಯತ್ನದ ಚರಿತ್ರೆ ವಾಚಕರಿಗೆ ವಿದಿತವೇ ಆಗಿದೆ. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ, ೧೯೧೫ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ಸ್ಥಾಪಿತವಾದುವು. ೧೯೨೪ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆದಾಗ, ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನವೂ ಸೇರಿತು. ಈ ಪ್ರಯತ್ನದಲ್ಲಿ ಕಾಸರಗೋಡಿನವರು ಹಿಂದೆ ಬಿದ್ದವರಲ್ಲ. ಯಕ್ಷಗಾನದ ಪ್ರಸಂಗಗಳನ್ನು ರಚಿಸಿದ ಪಾರ್ತಿಸುಬ್ಬನು ಕುಂಬಳೆಯವನು. ೧೯೪೯ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆಂಬ ಬಿರುದನ್ನು ಪಡೆದ ಗೋವಿಂದ ಪೈಗಳು ಮಂಜೇಶ್ವರದವರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರಿಗೆ ಅದೇ ಬಿರುದು ೧೯೬೪ರಲ್ಲಿ ಸಂದಿತು. ಕನ್ನಡದ ಮೊದಲ ಇಬ್ಬರು ರಾಷ್ಟ್ರಕವಿಗಳಲ್ಲಿ ಒಬ್ಬರು ಘಟ್ಟದ ಮೇಲಿನವರು, ಒಬ್ಬರು ಘಟ್ಟದ ಕೆಳಗಿನವರು. ಆದರೆ ಪೈಗಳು ತಮ್ಮ ಬಾಳಿನ ಕಡೆಯ ಏಳು ವರ್ಷಗಳನ್ನು, ೧೯೬೩ರಲ್ಲಿ ಕಾಲವಾಗುವವರೆಗೆ, ಕರ್ನಾಟಕದ ಹೊರಗಿನವರಾಗಿಯೇ ಕಳೆಯಬೇಕಾಯಿತು. ಮನುಷ್ಯನು ಮನೆ ಬಿಟ್ಟು ಕದಲಲಿಲ್ಲ; ರಾಜ್ಯವೇ ಕದಲಿತು.

ಇದು ಹೇಗಾಯಿತು? ೧೯೫೩ರ ಡಿಸೆಂಬರಿನಲ್ಲಿ ಭಾರತ ಸರಕಾರವು ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಎಂಬ ಮೂವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ೧೯೫೫ರ ಸೆಪ್ಟೆಂಬರ್ ೩೦ರಂದು ಆಯೋಗವು ತನ್ನ ವರದಿಯನ್ನು ಒಪ್ಪಿಸಿತು. ಕನ್ನಡ ಪ್ರದೇಶಗಳನ್ನೆಲ್ಲ ಒಂದುಗೂಡಿಸಬೇಕೆಂದು ಹೇಳಿದ ಆ ವರದಿಯೇ ಕಾಸರಗೋಡು ತಾಲ್ಲೂಕನ್ನು ದಕ್ಷಿಣ ಕನ್ನಡದಿಂದ ಬಿಡಿಸಿ ಕೇರಳಕ್ಕೆ ಕೊಡಬೇಕೆಂದೂ ಹೇಳಿತು. ತಾಲ್ಲೂಕನ್ನು ಒಟ್ಟಾಗಿ ಹಿಡಿದು ಎಣಿಸಿದರೆ ಮಲಯಾಳ ಮಾತಾಡುವವರೇ ಬಹುಸಂಖ್ಯಾತರು ಎಂಬುದು ಅದಕ್ಕೆ ಕೊಟ್ಟ ಕಾರಣ.

ಈ ಎಣಿಕೆ ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಚಂದ್ರಗಿರಿ ಹೊಳೆಯು ಹಿಂದಿನಿಂದಲೂ ತುಳುನಾಡಿಗೂ ಮಲಯಾಳದೇಶಕ್ಕೂ ಎಲ್ಲೆಯೆನಿಸಿದ್ದುದು. ತಾಲ್ಲೂಕು ಆ ಹೊಳೆಯ ಎರಡು ದಡಗಳಲ್ಲಿಯೂ ಹರಡಿದ್ದಿತು. ತೆಂಕಣ ದಡದಲ್ಲಿ ಮಲಯಾಳವು ನಿರ್ವಿವಾದವಾಗಿ ಪ್ರಬಲವಾಗಿದ್ದಿತು. ಬಡಗಣ ದಡದಲ್ಲಿ ಕನ್ನಡ, ತುಳು, ಕೊಂಕಣಿ, ಮರಾಠಿ, ಮಲಯಾಳಗಳು ಬೆರೆತಿದ್ದುವು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರು ಶಾಲೆಯಲ್ಲಿ, ದೇವಸ್ಥಾನದ ಲೆಕ್ಕದಲ್ಲಿ, ಕಾಗದಪತ್ರದಲ್ಲಿ ಕನ್ನಡವನ್ನೇ ಬಳಸುತ್ತಿದ್ದರು. ಜನಗಣತಿಯಲ್ಲಿ ಅವರು ಕನ್ನಡಿಗರ ಲೆಕ್ಕಕ್ಕೆ ಬರಲಿಲ್ಲ. ಹೀಗೆ ಎರಡು ದಡಗಳನ್ನು ಒಂದೇ ಕೊಳಗದಲ್ಲಿ ಅಳೆದಾಗ ಬಡಗಣ ದಡದವರ ದನಿ ಅಡಗಿಹೋಯಿತು.

ಇಲ್ಲಿ ಇನ್ನೊಂದು ಅಂಶವನ್ನೂ ಮರೆಮಾಚದೆ ಹೇಳಬೇಕು. ಅದೇ ಆಯೋಗವು ಬೆಳಗಾವಿಯ ವಿಷಯ ಬಂದಾಗ ತಾಲ್ಲೂಕನ್ನಲ್ಲ, ಜಿಲ್ಲೆಯನ್ನು ಮುಖ್ಯ ಅಳತೆಯನ್ನಾಗಿ ಹಿಡಿಯಿತು. ಚಂದಗಡ ತಾಲ್ಲೂಕೊಂದನ್ನು ಮಾತ್ರ ಮುಂಬಯಿಗೆ ಬಿಟ್ಟು, ಬೆಳಗಾವಿ ನಗರವನ್ನೂ ಮಿಕ್ಕ ಜಿಲ್ಲೆಯನ್ನೂ ಕರ್ನಾಟಕಕ್ಕೆ ಕೊಟ್ಟಿತು. ಜಿಲ್ಲೆಯ ಅಳತೆಯಿಂದ ಕನ್ನಡಿಗರಿಗೆ ಬೆಳಗಾವಿ ಬಂದಿತು. ತಾಲ್ಲೂಕಿನ ಅಳತೆಯಿಂದ ಕಾಸರಗೋಡು ಹೋಯಿತು. ಬಂದುದನ್ನು ನ್ಯಾಯವೆಂದೂ ಹೋದುದನ್ನು ಅನ್ಯಾಯವೆಂದೂ ಹೇಳುವುದು ಸುಲಭ. ಎರಡಕ್ಕೂ ಒಂದೇ ಕೋಲು ಹಿಡಿಯುವುದು ಕಷ್ಟ.

೧೯೫೬ರ ನವೆಂಬರ್ ೧ರಂದು ಹೊಸ ರಾಜ್ಯಗಳು ಅಸ್ತಿತ್ವಕ್ಕೆ ಬಂದಾಗ ಗಡಿನಾಡಿನ ಕನ್ನಡಿಗರು ತಮ್ಮ ಅಸಮ್ಮತಿಯನ್ನು ತೋರಿಸಲು ಆಶ್ರಯಿಸಿದ ಸಾಧನವೇ ಕರ್ನಾಟಕ ಸಮಿತಿ. ಅದಕ್ಕೆ ಇದ್ದುದು ಒಂದೇ ಬೇಡಿಕೆ: ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು. ಬೇಡಿಕೆಯು ಒಂದೇ ಆದುದರಿಂದ ಬೇರೆ ವಿಷಯಗಳಲ್ಲಿ ಭಿನ್ನಾಭಿಪ್ರಾಯವುಳ್ಳವರೆಲ್ಲರೂ ಅದರ ಕೆಳಗೆ ಕೂಡಲು ಸಾಧ್ಯವಾಯಿತು. ಭೂಮಾಲಿಕನೂ ಗೇಣಿದಾರನೂ, ವಕೀಲನೂ ಶಾಲೆಯ ಅಧ್ಯಾಪಕನೂ, ಕನ್ನಡ ಮಾತಾಡುವವನೂ ತುಳು ಮಾತಾಡುವವನೂ ಒಂದೇ ಸಭೆಯಲ್ಲಿ ಕುಳಿತರು. ಕವಿಗಳೂ ಅಧ್ಯಾಪಕರೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಕಾವ್ಯದಿಂದಲೂ ಭಾಷಣದಿಂದಲೂ ಜನರನ್ನು ಎಚ್ಚರಿಸಿದರು. ೧೯೧೫ರಲ್ಲಿ ಹುಟ್ಟಿ, ನೂರು ವರ್ಷ ತುಂಬಿದ ಮೇಲೆ ೨೦೧೫ರಲ್ಲಿ ತೀರಿಕೊಂಡ ಆ ಹಿರಿಯರು ಕಡೆಯವರೆಗೂ ಆ ಬೇಡಿಕೆಯನ್ನು ಬಿಡಲಿಲ್ಲ.

ಪಕ್ಷದ ಬಲವು ಚುನಾವಣೆಗಳಲ್ಲಿ ಪ್ರಕಟವಾಯಿತು. ೧೯೫೭ರಲ್ಲಿ ಕೇರಳದ ಪ್ರಥಮ ಶಾಸನಸಭೆಗೆ ಚುನಾವಣೆ ನಡೆದಾಗ ಮಂಜೇಶ್ವರದಿಂದ ಎಂ. ಉಮೇಶರಾಯರು ಸ್ವತಂತ್ರ ಅಭ್ಯರ್ಥಿಯಾಗಿ ಅವಿರೋಧವಾಗಿ ಆಯ್ಕೆಯಾದರು. ಇಡೀ ರಾಜ್ಯವು ಕಮ್ಯೂನಿಸ್ಟರು, ಕಾಂಗ್ರೆಸಿಗರು ಎಂದು ಇಬ್ಭಾಗವಾಗಿ ಹೋರಾಡುತ್ತಿದ್ದಾಗ ಈ ಒಂದು ಕ್ಷೇತ್ರದಲ್ಲಿ ಮತಪೆಟ್ಟಿಗೆಯನ್ನೇ ಇಡಬೇಕಾಗಲಿಲ್ಲ. ೧೯೬೦ರಲ್ಲಿ ಸಮಿತಿಯ ಮುಖಂಡರಾದ ಕಳ್ಳಿಗೆ ಮಹಾಬಲ ಭಂಡಾರಿಗಳು ಅಲ್ಲಿಂದಲೇ ಗೆದ್ದರು. ೧೯೬೫ರಲ್ಲಿಯೂ ೧೯೬೭ರಲ್ಲಿಯೂ ಪುನಃ ಗೆದ್ದರು. ೧೯೬೫ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ದೊರೆಯದೆ ಆ ಶಾಸನಸಭೆಯು ಒಮ್ಮೆಯೂ ಸೇರದೆ ವಿಸರ್ಜಿತವಾಯಿತು. ೧೯೬೭ರಲ್ಲಿ ಕಾಸರಗೋಡು ಕ್ಷೇತ್ರದಿಂದಲೂ ಯು. ಪಿ. ಕುಣಿಕುಳ್ಳಾಯರು ಸ್ವತಂತ್ರರಾಗಿ ಆಯ್ಕೆಯಾದರು. ಸಮಿತಿಯ ಚರಿತ್ರೆಯಲ್ಲಿ ಆ ವರ್ಷವೇ ಮಧ್ಯಾಹ್ನಕಾಲ.

ಅದೇ ವರ್ಷ ಮಹಾಜನ ವರದಿಯೂ ಹೊರಬಿದ್ದಿತು. ಬೆಳಗಾವಿಯ ಪ್ರಶ್ನೆಯನ್ನು ಪುನಃ ಪರಿಶೀಲಿಸಬೇಕೆಂದು ಮಹಾರಾಷ್ಟ್ರವು ಒತ್ತಾಯಪಡಿಸಿ, ಸೇನಾಪತಿ ಬಾಪಟರು ೧೯೬೬ರಲ್ಲಿ ಉಪವಾಸವನ್ನು ಕೈಕೊಂಡ ಮೇಲೆ, ಭಾರತ ಸರಕಾರವು ಆ ವರ್ಷದ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಹಿಂದಿನ ಮುಖ್ಯ ನ್ಯಾಯಾಧೀಶರಾದ ಮೆಹರ್‌ಚಂದ್ ಮಹಾಜನರನ್ನು ಏಕಸದಸ್ಯ ಆಯೋಗವನ್ನಾಗಿ ನೇಮಿಸಿತು. ಕಾಸರಗೋಡಿನ ವಿಷಯವೂ ಅವರ ಮುಂದೆ ಬಂದಿತು. ೧೯೬೭ರ ಆಗಸ್ಟಿನಲ್ಲಿ ಅವರು ವರದಿಯನ್ನು ಕೊಟ್ಟರು. ಮಹಾರಾಷ್ಟ್ರವು ೮೧೪ ಗ್ರಾಮಗಳನ್ನೂ ಬೆಳಗಾವಿ ನಗರವನ್ನೂ ಕೇಳಿದ್ದಿತು. ಆಯೋಗವು ೨೬೪ ಗ್ರಾಮಗಳನ್ನು ಮಹಾರಾಷ್ಟ್ರಕ್ಕೂ ೨೪೭ ಗ್ರಾಮಗಳನ್ನು ಮೈಸೂರಿಗೂ ಕೊಡಬೇಕೆಂದು ಸೂಚಿಸಿ, ಬೆಳಗಾವಿ ನಗರವು ಮೈಸೂರಿನಲ್ಲಿಯೇ ಇರಬೇಕೆಂದಿತು. ಚಂದ್ರಗಿರಿ, ಪಯಸ್ವಿನಿ ನದಿಗಳಿಂದ ಉತ್ತರಕ್ಕಿರುವ ಕಾಸರಗೋಡಿನ ಭಾಗವು ಮೈಸೂರಿಗೆ ಸೇರಬೇಕೆಂದೂ ಹೇಳಿತು. ಹನ್ನೊಂದು ವರ್ಷಗಳಿಂದ ಸಮಿತಿಯವರು ಹೇಳುತ್ತಿದ್ದ ಮಾತು ನ್ಯಾಯಾಧೀಶರೊಬ್ಬರ ವರದಿಯಲ್ಲಿ ಅಕ್ಷರರೂಪವನ್ನು ಹೊಂದಿತು.

ಆದರೆ ವರದಿ ಕಾಗದದಲ್ಲಿಯೇ ಉಳಿಯಿತು. ಮೈಸೂರು ಅದನ್ನು ಒಪ್ಪಿತು; ಮಹಾರಾಷ್ಟ್ರವೂ ಕೇರಳವೂ ಒಪ್ಪಲಿಲ್ಲ; ಕೇಂದ್ರ ಸರಕಾರವು ಕಾರ್ಯಗತ ಮಾಡಲಿಲ್ಲ. ಮೈಸೂರು ರಾಜ್ಯಕ್ಕೆ ೧೯೭೩ರ ನವೆಂಬರ್ ೧ರಂದು ಕರ್ನಾಟಕವೆಂಬ ಹೆಸರು ಬಂದಾಗಲೂ ಕಾಸರಗೋಡು ಹೊರಗೇ ಇದ್ದಿತು. ೧೯೮೪ರ ಮೇ ೨೪ರಂದು ಕೇರಳವು ಕಾಸರಗೋಡನ್ನೇ ಪ್ರತ್ಯೇಕ ಜಿಲ್ಲೆಯನ್ನಾಗಿ ಮಾಡಿತು.

ಅಷ್ಟರಲ್ಲಿ ಸಮಿತಿಯ ಬಲವೂ ಕುಗ್ಗಿದ್ದಿತು. ೧೯೭೦ರ ಚುನಾವಣೆಯಲ್ಲಿ ಮಂಜೇಶ್ವರವು ಕಮ್ಯೂನಿಸ್ಟ್ ಪಕ್ಷದ ಎಂ. ರಾಮಪ್ಪನವರಿಗೆ ಒಲಿಯಿತು. ೧೯೭೭ರಲ್ಲಿ ಅವರೇ ಗೆದ್ದರು. ೧೯೮೦ರಲ್ಲಿಯೂ ೧೯೮೨ರಲ್ಲಿಯೂ ಅದೇ ಪಕ್ಷದ ಎ. ಸುಬ್ಬರಾಯರು ಗೆದ್ದರು, ಕೇರಳದ ಮಂತ್ರಿಗಳೂ ಆದರು. ಹತ್ತು ವರ್ಷ ಒಂದೇ ಮಾತಿಗೆ ನಿಂತ ಜನರು ಇದ್ದಕ್ಕಿದ್ದಂತೆ ಕನ್ನಡವನ್ನು ಮರೆತರೇ? ಹಾಗೆ ಹೇಳುವುದು ತಪ್ಪು. ಕಾರಣವನ್ನು ಗದ್ದೆಯಲ್ಲಿ ಹುಡುಕಬೇಕು.

ಕೇರಳದ ಭೂಸುಧಾರಣೆಯ ತಿದ್ದುಪಡಿಯ ಶಾಸನವು ೧೯೭೦ರ ಜನವರಿ ೧ರಿಂದ ಜಾರಿಗೆ ಬಂದಿತು. ಗೇಣಿಪದ್ಧತಿಯನ್ನು ರದ್ದುಪಡಿಸಿ ಉಳುವವನಿಗೆ ಭೂಮಿಯ ಹಕ್ಕನ್ನು ಅದು ಕೊಟ್ಟಿತು. ಕರ್ನಾಟಕದಲ್ಲಿ ಅಂತಹ ಬಲವಾದ ಶಾಸನ ಜಾರಿಗೆ ಬಂದುದು ೧೯೭೪ರ ಮಾರ್ಚ್ ತಿಂಗಳಲ್ಲಿ, ದೇವರಾಜ ಅರಸರ ಕಾಲದಲ್ಲಿ. ಹೀಗಿರುವಾಗ ೧೯೭೦ರಲ್ಲಿ ಮಂಜೇಶ್ವರದ ಗೇಣಿದಾರನೊಬ್ಬನಿಗೆ, ‘ಯಾವ ರಾಜ್ಯ?’ ಎಂಬ ಪ್ರಶ್ನೆಗಿಂತ ‘ಯಾರ ಗದ್ದೆ?’ ಎಂಬ ಪ್ರಶ್ನೆಯು ಹತ್ತಿರದ್ದಾಗಿ ಕಂಡಿದ್ದರೆ ಅದು ಸಹಜವೆಂದೇ ಹೇಳಬೇಕು. ಭೂಮಾಲಿಕನನ್ನೂ ಗೇಣಿದಾರನನ್ನೂ ಒಟ್ಟಿಗೆ ಕೂಡಿಸಿದ ಸಮಿತಿಯು ಅವರಿಬ್ಬರ ನಡುವಣ ವ್ಯಾಜ್ಯದಲ್ಲಿ ಯಾರ ಕಡೆಗೂ ಸಲೀಸಾಗಿ ಮಾತಾಡುವಂತಿರಲಿಲ್ಲ. ಯಾವ ಏಕಮಾತ್ರ ಬೇಡಿಕೆಯು ಅದರ ಬಲವಾಗಿದ್ದಿತೋ ಅದೇ ಅದರ ದೌರ್ಬಲ್ಯವೂ ಆಯಿತು.

ಅದೇ ಶಾಸನವು ಕಾಸರಗೋಡು ಸೀಮೆಯ ಮಠವೊಂದನ್ನೂ ತಟ್ಟಿತು. ಎಡನೀರು ಮಠಾಧಿಪತಿಗಳಾದ ಕೇಶವಾನಂದ ಭಾರತೀ ಸ್ವಾಮಿಗಳು ಮಠದ ಭೂಮಿಯ ರಕ್ಷಣೆಗಾಗಿ ೧೯೭೦ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಹದಿಮೂರು ನ್ಯಾಯಾಧೀಶರ ಪೀಠವು ೧೯೭೩ರ ಏಪ್ರಿಲ್ ೨೪ರಂದು ತೀರ್ಪು ಕೊಟ್ಟಿತು. ಸ್ವಾಮಿಗಳಿಗೆ ಬೇಕಾಗಿದ್ದ ಭೂಮಿಯ ರಕ್ಷಣೆ ಅದರಿಂದ ಒದಗಲಿಲ್ಲ. ಆದರೆ ರಾಜ್ಯಾಂಗವನ್ನು ತಿದ್ದುವ ಅಧಿಕಾರವು ಸಂಸತ್ತಿಗಿದ್ದರೂ ಅದರ ಮೂಲಸ್ವರೂಪವನ್ನು ಕೆಡಿಸುವ ಅಧಿಕಾರವಿಲ್ಲವೆಂಬ ಮಹತ್ತ್ವದ ಸಿದ್ಧಾಂತವು ಇಡೀ ದೇಶಕ್ಕೆ ಲಭಿಸಿತು. ಗಡಿನಾಡಿನ ಮಠವೊಂದು ತನಗಾಗಿ ಕೇಳಿದುದನ್ನು ಪಡೆಯದೆ, ಎಲ್ಲರಿಗೂ ಬೇಕಾದುದನ್ನು ಪಡೆದುಕೊಟ್ಟಿತು.

ಕರ್ನಾಟಕ ಸಮಿತಿಯ ಚರಿತ್ರೆಯನ್ನೂ ಇದೇ ದೃಷ್ಟಿಯಿಂದ ನೋಡಬಹುದು. ವಿಲೀನವು ಕೈಗೂಡಲಿಲ್ಲ. ಆದರೆ ಗಡಿನಾಡಿನಲ್ಲಿ ಕನ್ನಡವೆಂಬುದೊಂದಿದೆ, ಅದನ್ನು ಎಣಿಕೆಯಿಂದ ಬಿಡಕೂಡದು ಎಂಬ ಮಾತನ್ನು ಅದು ಸ್ಥಿರಪಡಿಸಿತು. ೧೯೫೬ರಲ್ಲಿಯೇ ರಾಜ್ಯಾಂಗದ ಏಳನೆಯ ತಿದ್ದುಪಡಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯಬೇಕೆಂದು ವಿಧಿಸಿದ್ದಿತು. ೧೯೬೯ರಲ್ಲಿ ಕೇರಳದ ರಾಜಭಾಷಾ ಶಾಸನವು ಕನ್ನಡಿಗರೂ ತಮಿಳರೂ ತಮ್ಮ ಭಾಷೆಯಲ್ಲಿಯೇ ಸರಕಾರಕ್ಕೆ ಬರೆದುಕೊಳ್ಳಬಹುದೆಂದೂ, ಅವರಿಗೆ ಉತ್ತರವು ಅದೇ ಭಾಷೆಯಲ್ಲಿ ಬರಬೇಕೆಂದೂ ಅವಕಾಶ ಕೊಟ್ಟಿತು. ಹಕ್ಕು ಪುಸ್ತಕದಲ್ಲಿದ್ದ ಮಾತ್ರಕ್ಕೆ ಕೈಗೆ ಬಂದಂತಲ್ಲ. ಕನ್ನಡವನ್ನು ಬಲ್ಲದ ಅಧ್ಯಾಪಕರನ್ನು ಕನ್ನಡ ಶಾಲೆಗಳಿಗೆ ನೇಮಿಸಿದರೆಂಬ ದೂರು ಆ ಸೀಮೆಯಲ್ಲಿ ಹಲವು ಸಲ ಎದ್ದಿದೆ. ೨೦೧೭ರಲ್ಲಿ ಕೇರಳವು ಶಾಲೆಗಳಲ್ಲಿ ಮಲಯಾಳದ ಕಲಿಕೆಯನ್ನು ಕಡ್ಡಾಯಗೊಳಿಸುವ ಶಾಸನವನ್ನು ತಂದಾಗ ಗಡಿನಾಡಿನ ಕನ್ನಡಿಗರು ಪುನಃ ಕಳವಳಗೊಂಡರು. ಶಾಸನಸಭೆಯಲ್ಲಿ ಸ್ಥಾನ ಕಳೆದುಕೊಂಡ ಮೇಲೂ ಸಮಿತಿಯು ಎತ್ತಿದ ಪ್ರಶ್ನೆಯು ಶಾಲೆಯ ಕೋಣೆಯಲ್ಲಿ ಜೀವಂತವಾಗಿಯೇ ಇದೆ.

ಇನ್ನು ಬೆಳಗಾವಿಯ ಕಡೆಗೆ ದೃಷ್ಟಿಯನ್ನು ತಿರುಗಿಸಬೇಕು. ಅಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯೆಂಬ ಪಕ್ಷವು, ಕಾಸರಗೋಡಿನ ಕರ್ನಾಟಕ ಸಮಿತಿಯಂತೆಯೇ, ಭಾಷೆಯೊಂದನ್ನೇ ಬೇಡಿಕೆಯನ್ನಾಗಿ ಹಿಡಿದು ಬೆಳೆಯಿತು. ೨೦೦೪ರಲ್ಲಿ ಮಹಾರಾಷ್ಟ್ರವು ಈ ವ್ಯಾಜ್ಯವನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದಿತು. ೨೦೧೨ರಲ್ಲಿ ಕರ್ನಾಟಕವು ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವನ್ನು ತೆರೆಯಿತು. ಆ ಪಕ್ಷವು ೨೦೧೩ರ ಚುನಾವಣೆಯಲ್ಲಿ ಎರಡು ಸ್ಥಾನಗಳನ್ನು ಗಳಿಸಿ, ೨೦೧೮ರಲ್ಲಿಯೂ ೨೦೨೩ರಲ್ಲಿಯೂ ಒಂದನ್ನೂ ಗಳಿಸಲಿಲ್ಲ. ಇದನ್ನು ಕಂಡು ಕನ್ನಡಿಗರು ಹಿಗ್ಗುವುದುಂಟು. ಆದರೆ ಮಂಜೇಶ್ವರದಲ್ಲಿ ಕನ್ನಡದ ಪಕ್ಷ ಸೋತಾಗ ಅಲ್ಲಿನ ಕನ್ನಡಿಗರ ಶಾಲೆಯ ಅಗತ್ಯವು ಸೋಲಲಿಲ್ಲವಷ್ಟೆ? ಹಾಗೆಯೇ ಬೆಳಗಾವಿಯಲ್ಲಿ ಮರಾಠಿ ಪಕ್ಷ ಸೋತ ಮಾತ್ರಕ್ಕೆ ಅಲ್ಲಿನ ಮರಾಠಿ ಮಗುವಿನ ಪಾಠದ ಅಗತ್ಯವು ಇಲ್ಲವಾಗುವುದಿಲ್ಲ. ಪಕ್ಷವು ರಾಜ್ಯವನ್ನು ಕೇಳಬಹುದು, ಅದನ್ನು ಕೊಡುವುದು ಬಿಡುವುದು ನ್ಯಾಯಾಲಯದ, ಸಂಸತ್ತಿನ ಕೆಲಸ. ಮಗುವು ಕೇಳುವುದು ಅಕ್ಷರವನ್ನು. ಅದನ್ನು ಕೊಡದಿರಲು ಯಾರಿಗೂ ಅಧಿಕಾರವಿಲ್ಲ.

ಗಡಿಯೆಂಬುದು ಮನುಷ್ಯನು ಎಳೆದ ಗೆರೆ. ಘಟ್ಟದ ಮೇಲೆ ೧೭೯೯ರಲ್ಲಿ ಎಳೆದ ಗೆರೆಯು ನೂರೈವತ್ತೇಳು ವರ್ಷಗಳ ಮೇಲೆ ಅಳಿಯಿತು. ತಲಪಾಡಿಯಲ್ಲಿ ಎಳೆದ ಗೆರೆಯು ಉಳಿದಿದೆ. ಉಳಿದ ಗೆರೆಯ ಎರಡು ಕಡೆಗಳಲ್ಲಿಯೂ ಒಂದೇ ಕೋಲಿನಿಂದ ಅಳೆಯುವ ಧರ್ಮಬುದ್ಧಿಯಿದ್ದರೆ ಅದು ಯಾರಿಗೂ ನೋವನ್ನುಂಟುಮಾಡಲಾರದು. ಆ ಬುದ್ಧಿಯು ಇಲ್ಲದಿದ್ದರೆ ಗೆರೆಯನ್ನು ಎಷ್ಟು ಸಲ ಅಳಿಸಿ ಬರೆದರೂ ಒಂದಲ್ಲ ಒಂದು ದಡದಲ್ಲಿ ಹೊಸದೊಂದು ಸಮಿತಿಯು ಹುಟ್ಟುತ್ತಲೇ ಇರುವುದು. ಶೃಂಗೇರಿಯಿಂದ ಕಾರ್ಕಳಕ್ಕೆ ಇಳಿಯುವ ಸದ್ಭಕ್ತರು ‘ಎಸ್. ಕೆ. ಬಾರ್ಡರ್’ ಎಂಬ ಹೆಸರನ್ನು ಕಂಡಾಗ, ಅಳಿದ ಆ ಗಡಿಗಾಗಿ ಸಂತೋಷಪಡುವುದರೊಂದಿಗೆ, ಅಳಿಯದ ಗಡಿಯಾಚೆಗೆ ಕನ್ನಡದಲ್ಲಿ ಅಕ್ಷರಾಭ್ಯಾಸ ಮಾಡುತ್ತಿರುವ ಮಕ್ಕಳನ್ನೂ, ಈಚೆಗೆ ಅನ್ಯಭಾಷೆಯಲ್ಲಿ ಅಕ್ಷರಾಭ್ಯಾಸ ಮಾಡುತ್ತಿರುವ ಮಕ್ಕಳನ್ನೂ ಸಮಾನವಾಗಿ ಸ್ಮರಿಸಲಿ. ಸರ್ವರಿಗೂ ಸನ್ಮಂಗಳವಾಗಲಿ.